ಶನಿವಾರದ ಬಸ್ಸಿಗೆ ಬರುತ್ತಿದ್ದ ಮೇಷ್ಟ್ರಿಗೆ

ತೀರ್ಥಹಳ್ಳಿಯಿಂದ ಆಗುಂಬೆ ಕಡೆಯ ಬಸ್ಸು ಹತ್ತಿ, ಕಳೆದ ಮಳೆಗಾಲವಿಡೀ ಶನಿವಾರ ತಪ್ಪಿಸದೆ ನಮ್ಮ ಸರ್ಕಾರಿ ಶಾಲೆಗೆ ಬಂದ ನಿವೃತ್ತ ಮೇಷ್ಟ್ರೇ, ಹೆಸರು ಬರೆಯಬೇಡಿ ಅಂದಿದ್ದೀರಿ, ಬರೆಯುವುದಿಲ್ಲ. ಧನ್ಯವಾದ ಮಾತ್ರ ಎಲ್ಲರೆದುರೇ ಹೇಳಬೇಕು.

ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಇರುವುದು ನಮಗೆ ಗೊತ್ತಿತ್ತು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಅಡಿಕೆ ಸುಲಿಯಲು ಹೋಗುವ ಅಮ್ಮಂದಿರ ಮನೆಗೆ ಅದು ಸಣ್ಣ ದುಡ್ಡಲ್ಲ. ಆದರೆ ಬೌದ್ಧಿಕ ಸಾಮರ್ಥ್ಯದ ಆ 90 ಪ್ರಶ್ನೆಗಳನ್ನು ಕಲಿಸುವ ಬಗೆ ನಮಗೇ ತಿಳಿದಿರಲಿಲ್ಲ. ಮಕ್ಕಳಿಗಿಂತ ಮೊದಲು ನೀವು ನಮ್ಮನ್ನು ಬೆಂಚಿನ ಮೇಲೆ ಕೂರಿಸಿದಿರಿ. ಸಂಖ್ಯಾಸರಣಿಯನ್ನು ಅಡಿಕೆ ಜೋಡಿಸಿ ತೋರಿಸಿದಿರಿ. "ಉತ್ತರ ಹೇಳ್ಬೇಡಿ ಮೇಡಂ, ಅವ್ನು ಹೇಗೆ ಯೋಚ್ನೆ ಮಾಡ್ದ ಅಂತ ಕೇಳಿ" ಅಂದಿರಲ್ಲ, 14 ವರ್ಷ ಪಾಠ ಮಾಡಿದ್ದ ನಾನು ಆವತ್ತು ಮತ್ತೆ ಕಲಿಯಲು ಶುರು ಮಾಡಿದೆ. ತರಬೇತಿಗಳಿಗೆ ಎಷ್ಟೋ ಸಲ ಹೋಗಿದ್ದೇನೆ. ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ಪೂರ್ತಿ ಕೇಳಿ, ಆಮೇಲೆ ಒಬ್ಬಳನ್ನೇ ಕರೆದು ತಿದ್ದಿದವರು ನೀವೊಬ್ಬರೇ.

ನಮ್ಮ ಮೂವರು ಮಕ್ಕಳು ಆಯ್ಕೆಯಾಗಿದ್ದಾರೆ ಸರ್. ನೀವು ಬಿಟ್ಟುಹೋದ ಕೊಡೆ ಇಲ್ಲೇ ಕಿಟಕಿಗೆ ತೂಗುಹಾಕಿದೆ. ಜೂನ್‌ನಲ್ಲಿ ಬನ್ನಿ.