ಪ್ರಮಾಣ ಬೇರೆ, ತೀವ್ರತೆ ಬೇರೆ

ಸಂಪಾದಕರಿಗೆ ನಮಸ್ಕಾರ,

ಎಲ್ಲೇ ಭೂಕಂಪ ಆಗಲಿ, ಮರುದಿನದ ಸುದ್ದಿಯಲ್ಲಿ ಈ ಸಾಲು ಖಾಯಂ: 'ರಿಕ್ಟರ್ ಮಾಪಕದಲ್ಲಿ ಭೂಕಂಪದ ತೀವ್ರತೆ ಇಷ್ಟು ದಾಖಲಾಗಿದೆ.' ಒಂದೇ ಸಾಲಿನಲ್ಲಿ ಎರಡು ತಪ್ಪುಗಳಿವೆ. ವರ್ಷಗಟ್ಟಲೆ ಹಾಗೇ ಅಚ್ಚಾಗುತ್ತಿದೆ ಎಂದೇ ಈ ಪತ್ರ.

ಅಮೆರಿಕದ ಭೂಕಂಪ ವಿಜ್ಞಾನಿ ರಿಕ್ಟರ್ ಅವರು 1935ರಲ್ಲಿ ಆ ಲೆಕ್ಕ ಕಟ್ಟಿದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಭೂಕಂಪಗಳಿಗೆ. ತುಂಬಾ ದೊಡ್ಡ ಭೂಕಂಪಕ್ಕೆ ಅದು ಹೊಂದುವುದಿಲ್ಲ. ಈಗ ಅಂಥವನ್ನು ಅಳೆಯುವುದು ಮೊಮೆಂಟ್ ಮ್ಯಾಗ್ನಿಟ್ಯೂಡ್ ಲೆಕ್ಕದಲ್ಲಿ. ನೆಲದೊಳಗೆ ಎಷ್ಟು ಜಾಗ ಬಿರುಕುಬಿಟ್ಟು ಜಾರಿತು, ಎಷ್ಟು ದೂರ ಜಾರಿತು, ಅಲ್ಲಿನ ಬಂಡೆ ಎಷ್ಟು ಗಟ್ಟಿ ಎಂಬುದರ ಮೇಲೆ ಅದು ನಿಂತಿದೆ.

ಹೋಗಲಿ, ಹೆಸರು ತಪ್ಪಾದರೆ ಸಹಿಸಬಹುದು. ಆದರೆ 'ತೀವ್ರತೆ' ಅನ್ನೋ ಮಾತು ಓದುಗರ ದಾರಿ ತಪ್ಪಿಸುತ್ತದೆ. ನೀವು ಕೊಡುವ ಆ ಅಂಕಿ ತೀವ್ರತೆ ಅಲ್ಲ, ಪ್ರಮಾಣ, ಅಂದರೆ ಭೂಕಂಪ ಒಟ್ಟಾರೆ ಎಷ್ಟು ದೊಡ್ಡದು ಎಂಬುದು. ಒಂದು ಭೂಕಂಪಕ್ಕೆ ಪ್ರಮಾಣ ಒಂದೇ. ತೀವ್ರತೆ ಹಾಗಲ್ಲ, ಒಂದೊಂದು ಜಾಗದಲ್ಲಿ ಕುಲುಕಾಟ ಎಷ್ಟು ಜೋರಾಗಿತ್ತು ಎಂಬುದು ಅದು, ಊರಿಂದ ಊರಿಗೆ ಬದಲಾಗುತ್ತದೆ. ಅದಕ್ಕೆ 1ರಿಂದ 12ರವರೆಗಿನ ಮೆರ್ಕಾಲಿ ಮಾಪಕ ಇದೆ. 4 ಅಂದರೆ ಪಾತ್ರೆಗಳು, ಕಿಟಕಿ ಗಾಜು ಗಲಗಲ ಅನ್ನುತ್ತವೆ. 5ಕ್ಕೆ ಮಲಗಿದವರು ಎದ್ದು ಕೂರುತ್ತಾರೆ. 6ಕ್ಕೆ ಭಾರದ ಬೀರು ಕೂಡ ಜರುಗಬಹುದು, ಗೋಡೆಯ ಗಾರೆ ಅಲ್ಲಲ್ಲಿ ಉದುರುತ್ತದೆ. ಓದುವವರಿಗೆ ಬೇಕಾದ್ದು ಇದೇ ಅಲ್ವಾ?

2010ರ ಜನವರಿಯಲ್ಲಿ ಹೈಟಿಯಲ್ಲಿ 7.0 ಪ್ರಮಾಣದ ಭೂಕಂಪ ಆಯಿತು. ಮುಂದಿನ ತಿಂಗಳೇ ಚಿಲಿಯಲ್ಲಿ 8.8. ಪ್ರಮಾಣ ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಆ ಲೆಕ್ಕದಲ್ಲಿ ಚಿಲಿಯದ್ದು ಸುಮಾರು 500 ಪಟ್ಟು ದೊಡ್ಡದು. ಆದರೆ ಚಿಲಿಯಲ್ಲಿ ಸತ್ತವರು 500ರ ಆಸುಪಾಸು, ಹೈಟಿಯಲ್ಲಿ ತೀರಾ ಕಡಿಮೆ ಅಂದಾಜಿನಲ್ಲೂ ಹತ್ತಾರು ಸಾವಿರ. ಹೈಟಿಯ ಬಿರುಕು ನೆಲದಿಂದ ಹೆಚ್ಚು ಆಳದಲ್ಲಿರಲಿಲ್ಲ, ರಾಜಧಾನಿಗೆ ತೀರಾ ಹತ್ತಿರವಿತ್ತು, ಮೇಲಾಗಿ ಅಲ್ಲಿನ ಕಟ್ಟಡಗಳು ಕುಲುಕಾಟ ತಡೆಯುವಂತೆ ಕಟ್ಟಿದವಲ್ಲ. ಚಿಲಿಯವರು 1960ರಲ್ಲಿ 9.5ರ ಭೂಕಂಪವನ್ನೇ ಕಂಡವರು. ಯಂತ್ರಗಳು ಅಳೆದದ್ದರಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಮನೆ ಕಟ್ಟುವ ನಿಯಮ ಅಲ್ಲಿ ಬಿಗಿಯಾಗಿದೆ.

ಆಳವನ್ನಂತೂ ಸುದ್ದಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. 2013ರಲ್ಲಿ ರಷ್ಯಾದ ಪೂರ್ವ ತುದಿಯ ಒಖೋಟ್ಸ್ಕ್ ಸಮುದ್ರದಡಿ 8.3ರ ಭೂಕಂಪ ಆಯಿತು. ಸಾವಿರಾರು ಕಿಲೋಮೀಟರ್ ಆಚೆಯ ಮಾಸ್ಕೋದಲ್ಲೂ ಅದು ಗೊತ್ತಾಯಿತು. ಆದರೆ ಹೇಳಿಕೊಳ್ಳುವಂಥ ಹಾನಿ ಆಗಲಿಲ್ಲ. ಕೇಂದ್ರ ಇದ್ದದ್ದು ಸುಮಾರು 600 ಕಿಲೋಮೀಟರ್ ಆಳದಲ್ಲಿ!

ಬೇರೆ ಅಳತೆಗಳದ್ದೂ ಇದೇ ಕಥೆ. ಅಟ್ಲಾಂಟಿಕ್ ಚಂಡಮಾರುತಗಳಿಗೆ ಕೊಡುವ 1ರಿಂದ 5ರ ದರ್ಜೆ ಗಾಳಿಯ ವೇಗವನ್ನಷ್ಟೇ ಹೇಳುತ್ತದೆ. 2005ರಲ್ಲಿ ಕತ್ರಿನಾ ಚಂಡಮಾರುತ ದಡ ಮುಟ್ಟುವಾಗ 3ನೇ ದರ್ಜೆಗೆ ಇಳಿದಿತ್ತು, ಆದರೂ ಅಮೆರಿಕದ ಮಿಸಿಸಿಪ್ಪಿ ಕರಾವಳಿಯಲ್ಲಿ ಸಮುದ್ರ 8 ಮೀಟರಿಗೂ ಜಾಸ್ತಿ ಉಕ್ಕಿ ಬಂತು.

ಜ್ವಾಲಾಮುಖಿ ಸ್ಫೋಟದ ಅಳತೆ 0ಯಿಂದ 8ರವರೆಗೆ. 1985ರ ನವೆಂಬರ್‌ನಲ್ಲಿ ಕೊಲಂಬಿಯಾದ ನೆವಾಡೊ ಡೆಲ್ ರೂಯಿಜ್ ಸಿಡಿದದ್ದು ಬರೀ 3. ಆ ಬಿಸಿಗೆ ಶಿಖರದ ಹಿಮ ಕರಗಿ, ಬೂದಿ ಕಲ್ಲುಗಳ ಜೊತೆ ಕೆಸರಾಗಿ, ಕಣಿವೆಗಳಲ್ಲಿ ಇಳಿದು, ಸುಮಾರು ಎರಡೂವರೆ ಗಂಟೆಯ ಮೇಲೆ ರಾತ್ರಿ ಆರ್ಮೆರೊ ಪಟ್ಟಣವನ್ನು ಮುಚ್ಚಿತು. ಒಟ್ಟು ಸುಮಾರು 23,000 ಜನ ಸತ್ತರು. ಕೆಸರು ಎಲ್ಲೆಲ್ಲಿ ಹರಿಯಬಹುದು ಎಂಬ ನಕ್ಷೆ ಹಿಂದಿನ ತಿಂಗಳೇ ತಯಾರಾಗಿತ್ತು. ಅದರಲ್ಲಿ ಆರ್ಮೆರೊ ಕೂಡ ಇತ್ತು. ಇದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಭೂಕಂಪದ ಸುದ್ದಿಯಲ್ಲಿ 'ಪ್ರಮಾಣ' ಅಂತ ಬರೆಯಿರಿ, ಪಕ್ಕದಲ್ಲೇ ಆಳ ಕೊಡಿ. ಯಾವ ಊರಲ್ಲಿ ಎಷ್ಟು ತೀವ್ರತೆ ಇತ್ತು ಎಂದು ತೋರಿಸುವ ಪುಟ್ಟ ನಕ್ಷೆಯೊಂದನ್ನು ಹಾಕಿ. ಬಿದ್ದ ಕಟ್ಟಡದ ನಾಲ್ಕನೇ ಫೋಟೋ ಬಿಟ್ಟರೆ ಅದಕ್ಕೆ ಜಾಗ ಸಿಗುತ್ತದೆ.

ಇಂತಿ,
ನಿಮ್ಮ ಓದುಗ