ಮಡಚಿದ ಅಳತೆ ತಪ್ಪಾಗಿ ಹೇಳಿ ಮಾರಿದ ಸೈಕಲ್: ಹಣ ವಾಪಸ್ ಕೋರಿ ದೂರು

ಇವರಿಗೆ,
ಗ್ರಾಹಕ ದೂರು ಪರಿಹಾರ ಅಧಿಕಾರಿಗಳು,
ಮಡಚುವ ಸೈಕಲ್ ಮಾರಿದ ಆನ್‌ಲೈನ್ ಕಂಪನಿ

ಇವರಿಂದ,
ನಿಮ್ಮ ಗ್ರಾಹಕರು, ವಿಜಯನಗರ, ಬೆಂಗಳೂರು

ವಿಷಯ: ಜಾಹೀರಾತಿನಲ್ಲಿ ಹೇಳಿದ ಅಳತೆ ಮತ್ತು ತೂಕ ಇಲ್ಲದ ಸೈಕಲ್ ವಾಪಸ್ ಪಡೆದು ಪೂರ್ತಿ ಹಣ ಕೊಡುವ ಬಗ್ಗೆ

ಮಾನ್ಯರೇ,

ನಿಮ್ಮ ವೆಬ್‌ಸೈಟಿನಲ್ಲಿ 16 ಇಂಚು ಚಕ್ರದ ಮಡಚುವ ಸೈಕಲ್ ಒಂದನ್ನು 18,999 ರೂಪಾಯಿ ಕೊಟ್ಟು ತೆಗೆದುಕೊಂಡೆ. ಬಿಲ್ ಜೊತೆಗಿಟ್ಟಿದ್ದೇನೆ. ಮಡಚಿದಾಗ ಅಳತೆ 58 × 44 × 25 ಸೆಂಟಿಮೀಟರ್, ತೂಕ 12 ಕಿಲೋ ಎಂದು ಅಲ್ಲಿ ಬರೆದಿದ್ದಿರಿ. ಅದರ ಕೆಳಗೇ ದಪ್ಪ ಅಕ್ಷರದಲ್ಲಿ 'ಚಿಕ್ಕ ಮನೆಗೆ ಹೇಳಿ ಮಾಡಿಸಿದ್ದು, ಮೆಟ್ರೊದಲ್ಲಿ ಒಯ್ಯಬಹುದು' ಎಂದೂ ಇತ್ತು. ನನ್ನ ಮನೆಗೆ ಬಂದಿರುವ ಸೈಕಲ್ ಮಡಚಿದಾಗ 71 × 60 × 38 ಸೆಂಟಿಮೀಟರ್ ಇದೆ. ತೂಕ 15.6 ಕಿಲೋ. ಟೇಪ್ ಹಿಡಿದು ತೆಗೆದ ಫೋಟೋಗಳು, ತಕ್ಕಡಿಯ ಫೋಟೋ ಎಲ್ಲ ಕಳಿಸಿದ್ದೇನೆ. ಈ ಸೈಕಲ್ ವಾಪಸ್ ತೆಗೆದುಕೊಂಡು ನನ್ನ ಹಣ ಪೂರ್ತಿಯಾಗಿ ಕೊಡಿ ಎಂಬುದೇ ನನ್ನ ಬೇಡಿಕೆ.

ನಿಮ್ಮ ಸಿಬ್ಬಂದಿ ಇದನ್ನು 'ಸಣ್ಣ ವ್ಯತ್ಯಾಸ' ಎಂದು ಕರೆದರು. ಅದು ಯಾಕೆ ಸಣ್ಣದಲ್ಲ ಎಂದು ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮದು ಮೂರನೇ ಮಹಡಿಯಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಲಿಫ್ಟ್ ಇಲ್ಲ. ಕೆಳಗೆ ಓನರ್ ಅವರ ಕಾರು, ಬಾಡಿಗೆಯವರ ಸ್ಕೂಟರ್‌ಗಳು ನಿಂತರೆ ಮುಗಿಯಿತು, ಸೈಕಲ್‌ಗೆ ಜಾಗವೇ ಇರುವುದಿಲ್ಲ. ಮೆಟ್ಟಿಲ ಕೆಳಗೆ ಕರೆಂಟ್ ಮೀಟರ್‌ಗಳಿವೆ, ಅಲ್ಲಿ ಏನೂ ಇಡುವ ಹಾಗಿಲ್ಲ. ಬಾಲ್ಕನಿಯಲ್ಲಿ ಇಡೋಣವೆಂದರೆ ಮಳೆಗಾಲದಲ್ಲಿ ಇರಚಲು ನೇರವಾಗಿ ಒಳಗೇ ಬೀಳುತ್ತದೆ. ಚೈನು ಬೇಗ ತುಕ್ಕು ಹಿಡಿಯುತ್ತದೆ. ಮಡಚುವ ಸೈಕಲ್‌ನಲ್ಲಿ ಚೈನಿನ ಜೊತೆಗೆ ಹಿಂಜ್, ಲಾಕುಗಳೂ ಇರುತ್ತವೆ. ಅವು ತುಕ್ಕು ಹಿಡಿದರೆ ಮಡಚುವ ಕೆಲಸವೇ ನಿಂತುಹೋಗುತ್ತದೆ. ಹಾಗಾಗಿ ಮನೆಯ ಒಳಗೇ ಇಡಬೇಕು ಎಂದು ತೀರ್ಮಾನಿಸಿದ್ದೆ. ಒಳಗೆ ಇದ್ದದ್ದು ಒಂದೇ ಜಾಗ. ಮುಂಬಾಗಿಲ ಹಿಂದೆ, ಚಪ್ಪಲಿ ಸ್ಟ್ಯಾಂಡಿಗೂ ಗೋಡೆಗೂ ನಡುವೆ. ಅಗಲ 62 ಸೆಂಟಿಮೀಟರ್, ಗೋಡೆಯಿಂದ ಬಾಗಿಲವರೆಗೆ 30.

ಮೊದಲು ಆ ಜಾಗ ಅಳೆದೆ. ಆಮೇಲೆ ಸೈಕಲ್ ಹುಡುಕಿದೆ. ಗೇರ್ ಎಷ್ಟು, ಬಣ್ಣ ಯಾವುದು, ಡಿಸ್ಕ್ ಬ್ರೇಕ್ ಇದೆಯಾ ಎಂದು ನೋಡುತ್ತ ಕೂರಲಿಲ್ಲ. 20 ಇಂಚಿನ ಚಕ್ರ ಹಳ್ಳ ಬಿದ್ದ ರಸ್ತೆಯಲ್ಲಿ ಜಾಸ್ತಿ ಆರಾಮ ಅನ್ನುವುದು ಗೊತ್ತಿದ್ದೂ, ಮಡಚಿದಾಗ ದೊಡ್ಡದಾಗುತ್ತದೆ ಎಂದೇ ಅದನ್ನು ಬಿಟ್ಟೆ. ನಿಮ್ಮ ಸೈಕಲ್ ಆರಿಸಿದ್ದು ಆ ಮೂರು ಅಂಕಿಗಳನ್ನು ನೋಡಿ ಮಾತ್ರ. ಅಷ್ಟೇ ಅಲ್ಲ, ಆರ್ಡರ್ ಮಾಡುವ ಮೊದಲು ನಿಮ್ಮ ಚಾಟ್‌ನಲ್ಲಿ 'ಇದು ಪೂರ್ತಿ ಸೈಕಲ್ ಮಡಚಿದ ಅಳತೆ ತಾನೇ?' ಎಂದು ಕೇಳಿದ್ದೆ. 'ಹೌದು ಮೇಡಂ, ಪೂರ್ತಿ ಸೈಕಲ್' ಎಂದು ಉತ್ತರ ಬಂತು. ಅದರ ಸ್ಕ್ರೀನ್‌ಶಾಟ್ ಕೂಡ ಇದೆ.

ಮೆಟ್ರೊ ವಿಷಯಕ್ಕೆ ಬರುತ್ತೇನೆ. ನನ್ನ ಆಫೀಸು ದೊಮ್ಮಲೂರಿನಲ್ಲಿದೆ. ವಿಜಯನಗರದಿಂದ ಇಂದಿರಾನಗರದವರೆಗೆ ನೇರಳೆ ಮಾರ್ಗದಲ್ಲಿ ಹೋಗಿ, ಅಲ್ಲಿಂದ ಸೈಕಲ್ ತುಳಿಯಬೇಕು ಅನ್ನುವುದು ನನ್ನ ಯೋಚನೆ. ಈ ಕಡೆ ಮನೆಯಿಂದ ಸ್ಟೇಷನ್, ಆ ಕಡೆ ಸ್ಟೇಷನ್‌ನಿಂದ ಆಫೀಸು, ಎರಡೂ ಕಡೆ ಆಟೋ ಹಿಡಿಯುವ ಖರ್ಚು ಉಳಿಯುತ್ತಿತ್ತು. ನಮ್ಮ ಮೆಟ್ರೊದಲ್ಲಿ ಮಡಚುವ ಸೈಕಲ್‌ಗೆ 2022ರಿಂದ ಅವಕಾಶವಿದೆ. ಆದರೆ ಮಡಚಿದ ಮೇಲೆ 60 × 45 × 25 ಸೆಂಟಿಮೀಟರ್ ಮೀರಬಾರದು, ತೂಕ 15 ಕಿಲೋ ದಾಟಬಾರದು, ಬ್ಯಾಗಿನಲ್ಲಿ ಮುಚ್ಚಿರಬೇಕು, ಸ್ಕ್ಯಾನರ್‌ನಲ್ಲಿ ಹಾಯಿಸಬೇಕು. ನೀವು ಹಾಕಿರುವ 58 × 44 × 25 ಈ ಮಿತಿಯ ಒಳಗೆ ಸರಿಯಾಗಿ ಕೂರುತ್ತದೆ, ಅಲ್ವಾ? ಬಂದ ಸೈಕಲ್ ಮಾತ್ರ ಉದ್ದ, ಅಗಲ, ದಪ್ಪ, ತೂಕ ನಾಲ್ಕರಲ್ಲೂ ಮಿತಿ ಮೀರಿದೆ. ಸ್ಟೇಷನ್‌ನಲ್ಲಿ ತಡೆದರು. ಅವರದ್ದೇನೂ ತಪ್ಪಿಲ್ಲ. ನಿಯಮ ಇರುವುದನ್ನೇ ಹೇಳಿದರು, ಮರ್ಯಾದೆಯಿಂದಲೇ ಹೇಳಿದರು.

ದೂರು ಕೊಟ್ಟಾಗ ನಿಮ್ಮಿಂದ ಬಂದ ಉತ್ತರ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಆ ಅಳತೆ 'ಪೆಡಲ್, ಹ್ಯಾಂಡಲ್ ಮತ್ತು ಸೀಟು ಬಿಟ್ಟು' ತೆಗೆದದ್ದಂತೆ. ಪೆಡಲ್, ಹ್ಯಾಂಡಲ್, ಸೀಟು ಬಿಚ್ಚಿಟ್ಟು ಯಾರು ಸೈಕಲ್ ಮಡಚುತ್ತಾರೆ? ಫ್ರಿಜ್ ಮಾರುವವರು ಬಾಗಿಲು ಬಿಟ್ಟು ಅಳತೆ ಹೇಳಿದರೆ ನೀವು ಒಪ್ಪುತ್ತೀರಾ? ಮಡಚಿದ ಸೈಕಲ್‌ನಲ್ಲಿ ಹೊರಗೆ ಚಾಚಿಕೊಂಡು ಜಾಗ ತಿನ್ನುವುದೇ ಆ ಮೂರು ಭಾಗಗಳು. ಹ್ಯಾಂಡಲ್ ಪೋಸ್ಟ್ ಎರಡು ಚಕ್ರಗಳ ನಡುವೆ ಮಡಚಿಕೊಂಡರೆ ಒಂದು ದಪ್ಪ, ಹೊರಗಡೆಗೆ ಮಡಚಿಕೊಂಡರೆ ಇನ್ನೊಂದು ದಪ್ಪ. ಪೆಡಲ್ ಮಡಚಿದರೆ ಒಂದು, ಮಡಚದಿದ್ದರೆ ಇನ್ನೊಂದು. ನಿಮ್ಮ ಫೋಟೋದಲ್ಲಿ ಎರಡೂ ಪೆಡಲ್ ಮಡಚುತ್ತವೆ. ನನಗೆ ಬಂದ ಸೈಕಲ್‌ನಲ್ಲಿ ಎಡಗಡೆಯ ಪೆಡಲ್ ಮಾತ್ರ ಮಡಚುತ್ತದೆ. ಬಲಗಡೆಯದು ಮಾಮೂಲಿ ಪೆಡಲ್.

ಲಂಡನ್ನಿನ ಬ್ರಾಂಪ್ಟನ್ ಸೈಕಲ್ ಚಿಕ್ಕದಾಗಿ ಮಡಚುವುದಕ್ಕೇ ಹೆಸರಾದದ್ದು. ಅದರ ಚಕ್ರವೂ 16 ಇಂಚು. ಅವರು ಹೇಳುವ ಮಡಚಿದ ಅಳತೆ 64.5 × 58.5 × 27 ಸೆಂಟಿಮೀಟರ್. ನಿಮ್ಮದು ಅದಕ್ಕಿಂತಲೂ ಚಿಕ್ಕದು ಎಂದು ನೀವು ಬರೆದಿದ್ದೀರಿ. ಅಂಥ ಮಾತು ಬರೆಯುವ ಮೊದಲು ಯಾರಾದರೂ ಒಬ್ಬರು ಸೈಕಲ್ ಮಡಚಿ, ಟೇಪ್ ಹಿಡಿದು ನೋಡಬೇಕಿತ್ತು. ಗೋಡೌನಿನಲ್ಲಿ ಐದು ನಿಮಿಷದ ಕೆಲಸ ಅದು.

ಇನ್ನೊಂದು ತೊಂದರೆ ಇದೆ. ಮಡಚಿದ ಮೇಲೆ ಎರಡೂ ಚಕ್ರಗಳನ್ನು ಒಟ್ಟಿಗೆ ಹಿಡಿದಿಡಲು ಒಂದು ಮ್ಯಾಗ್ನೆಟ್ ಕೊಟ್ಟಿದ್ದೀರಿ. ಅದು ಹಿಡಿಯುವುದೇ ಇಲ್ಲ. ಎತ್ತಿದ ತಕ್ಷಣ ಸೈಕಲ್ ತೆರೆದುಕೊಳ್ಳುತ್ತದೆ. ಹದಿನೈದು ಕಿಲೋ ದಾಟಿದ ಸಾಮಾನು ಮೆಟ್ಟಿಲಲ್ಲಿ ಕೈಯಲ್ಲೇ ಬಿಚ್ಚಿಕೊಂಡರೆ ಹೊತ್ತವರಿಗೂ ಅಪಾಯ, ಎದುರು ಬರುವವರಿಗೂ ಅಪಾಯ. ಸ್ಟೇಷನ್‌ಗೆ ಒಯ್ದ ದಿನ ಹಳೆಯ ಬೆಲ್ಟ್ ಕಟ್ಟಿ ಇಳಿಸಿದೆ.

ಇಷ್ಟಾದ ಮೇಲೆ ಸೈಕಲ್ ಎಲ್ಲಿದೆ ಎಂದು ಕೇಳಿದರೆ, ಹಾಲ್ ಮಧ್ಯದಲ್ಲಿದೆ. ಬಾಗಿಲ ಹಿಂದೆ ಇಟ್ಟರೆ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಮಂಚದ ಕೆಳಗೆ ದೂಡೋಣವೆಂದರೆ 38 ಸೆಂಟಿಮೀಟರ್ ದಪ್ಪ ಅಲ್ಲಿ ಹಿಡಿಸುವುದಿಲ್ಲ. ಸಜ್ಜದ ಮೇಲೆ ಇಷ್ಟು ಭಾರ ದಿನಾ ಎತ್ತಿಡಲು ಯಾರಿಂದಲೂ ಆಗುವುದಿಲ್ಲ. ಗೋಡೆಗೆ ಕೊಂಡಿ ಹೊಡೆದು ನೇತು ಹಾಕಿ ಎಂದು ನಿಮ್ಮವರು ಸಲಹೆ ಕೊಟ್ಟರು, ಅದಕ್ಕೆ ಬೇಕಾದ ಸ್ಟ್ಯಾಂಡ್ ನಿಮ್ಮಲ್ಲೇ ಸಿಗುತ್ತದೆ ಎಂದೂ ಸೇರಿಸಿದರು. ಬಾಡಿಗೆ ಮನೆಯ ಗೋಡೆಗೆ ಡ್ರಿಲ್ ಹಾಕಲು ಓನರ್ ಬಿಡುವುದಿಲ್ಲ. ಗೋಡೆಯಲ್ಲಿ ನೇತು ಹಾಕುವುದಾದರೆ ಮಡಚುವ ಸೈಕಲ್ ಯಾಕೆ ತೆಗೆದುಕೊಳ್ಳಬೇಕಿತ್ತು? ಅದೇ ದುಡ್ಡಿಗೆ ಇದಕ್ಕಿಂತ ಹಗುರವಾದ ಮಾಮೂಲಿ ಸೈಕಲ್ ಬರುತ್ತಿತ್ತು. ನಮ್ಮ ಅಮ್ಮನಿಗೆ ಮಂಡಿನೋವು. ರಾತ್ರಿ ಎದ್ದು ಬಾತ್‌ರೂಮಿಗೆ ಹೋಗುವಾಗ ಗೋಡೆ ಹಿಡಿದುಕೊಂಡು ನಡೆಯುತ್ತಾರೆ. ಆ ದಾರಿಯಲ್ಲಿ ಈಗ ಪೆಡಲ್ ಚಾಚಿಕೊಂಡಿರುವ ಒಂದು ಸೈಕಲ್ ಇದೆ. ನನಗೆ ಎಲ್ಲಕ್ಕಿಂತ ಹೆಚ್ಚಿನ ಚಿಂತೆ ಇದೇ.

'ಬಾಕ್ಸ್ ತೆರೆದು ಸೈಕಲ್ ಜೋಡಿಸಿದ್ದೀರಿ, ಹಾಗಾಗಿ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ' ಎಂದು ನೀವು ಹೇಳುತ್ತಿದ್ದೀರಿ. ಬಾಕ್ಸ್ ತೆರೆಯದೆ, ಹ್ಯಾಂಡಲ್, ಸೀಟು, ಪೆಡಲ್ ಹಾಕದೆ ಮಡಚಿದ ಅಳತೆ ತಿಳಿಯುವುದು ಹೇಗೆ? ಬಂದ ದಿನವೇ ಅಳೆದೆ, ಮರುದಿನವೇ ನಿಮಗೆ ಬರೆದೆ. ಸ್ಟೇಷನ್‌ವರೆಗೆ ಹೋಗಿ ಬಂದದ್ದು ಬಿಟ್ಟರೆ ಈ ಸೈಕಲ್ ಓಡಿಸಿಲ್ಲ. ಟೈರು ನೋಡಿದರೆ ಗೊತ್ತಾಗುತ್ತದೆ. ನೀವು ಕೊಡುತ್ತೇವೆ ಎಂದ 1,500 ರೂಪಾಯಿ ಕೂಪನ್ ನನಗೆ ಬೇಡ. ಕೂಪನ್‌ನಿಂದ ಸೈಕಲ್ ಚಿಕ್ಕದಾಗುವುದಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಜಾಹೀರಾತಿನಲ್ಲಿ ಹೇಳಿದ ಗುಣ ಲಕ್ಷಣ ಇಲ್ಲದ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಹಣ ಕೊಡುವುದಿಲ್ಲ ಎಂದು ಮಾರಾಟಗಾರರು ಹೇಳುವ ಹಾಗಿಲ್ಲ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ದೂರು ತಲುಪಿದೆ ಎಂದು ನೀವು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು ಅನ್ನುವುದೂ ಅದೇ ನಿಯಮಗಳಲ್ಲಿದೆ. ಅಷ್ಟರಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ಇರುವ ಊರಿನಲ್ಲೇ ಕೇಸು ಹಾಕಬಹುದು. ಈ ಮೊತ್ತಕ್ಕೆ ಶುಲ್ಕವೂ ಇಲ್ಲ. ಅಲ್ಲಿಯವರೆಗೆ ಹೋಗುವ ಆಸೆ ನನಗಿಲ್ಲ. ಆದರೆ ಬೇಕಾದರೆ ಹೋಗುತ್ತೇನೆ.

ಆದ್ದರಿಂದ ಸೈಕಲ್ ವಾಪಸ್ ತೆಗೆದುಕೊಂಡು 18,999 ರೂಪಾಯಿಯನ್ನು ನಾನು ಕಟ್ಟಿದ ಖಾತೆಗೇ ಹಾಕಿ. ಸಾಗಣೆ ಖರ್ಚು, ಬಾಕ್ಸ್ ತೆರೆದ ಖರ್ಚು ಎಂದು ಏನನ್ನೂ ಹಿಡಿದುಕೊಳ್ಳಬೇಡಿ. ನಿಮ್ಮ ವೆಬ್‌ಸೈಟಿನಲ್ಲಿ ಈ ಸೈಕಲ್‌ನ ನಿಜವಾದ ಅಳತೆ, ತೂಕ ಹಾಕಿ, 'ಮೆಟ್ರೊದಲ್ಲಿ ಒಯ್ಯಬಹುದು' ಅನ್ನುವ ಸಾಲು ತೆಗೆಯಿರಿ. ಈ ಎರಡನೆಯ ಬೇಡಿಕೆಯನ್ನು ದಯವಿಟ್ಟು ಸುಮ್ನೆ ಬರೆದದ್ದು ಅಂದುಕೊಳ್ಳಬೇಡಿ. ಈ ಪತ್ರ ಬರೆಯುವ ಹೊತ್ತಿಗೂ ಆ ಪುಟದಲ್ಲಿ ಅದೇ ಅಂಕಿ ಇದೆ. ಜಾಗ ಅಳೆದುಕೊಂಡು, ದುಡ್ಡು ಕೂಡಿಸಿಕೊಂಡು ಇನ್ನೂ ಯಾರೋ ಅದನ್ನು ನಂಬಿ ಆರ್ಡರ್ ಮಾಡುತ್ತಿರುತ್ತಾರೆ.

ಬಾಕ್ಸನ್ನು ಚಪ್ಪಟೆ ಮಾಡಿ ಮಂಚದ ಕೆಳಗೆ ಇಟ್ಟಿದ್ದೇನೆ. ಅದರ ಜೊತೆ ಬಂದ ಸ್ಪ್ಯಾನರ್, ಅಲೆನ್ ಕೀ, ವಾರಂಟಿ ಕಾರ್ಡ್ ಎಲ್ಲವೂ ಇವೆ. ಸೈಕಲ್ ಒಯ್ಯಲು ಬರುವವರಿಗೆ ಮೂರನೇ ಮಹಡಿ, ಲಿಫ್ಟ್ ಇಲ್ಲ ಎಂದು ಮೊದಲೇ ಹೇಳಿ, ಇಬ್ಬರನ್ನು ಕಳಿಸಿ. ವಾರದ ದಿನಗಳಲ್ಲಾದರೆ ಬೆಳಿಗ್ಗೆ 9ರ ಒಳಗೆ ಅಥವಾ ಸಂಜೆ 7ರ ಮೇಲೆ ಬರಲಿ. ಭಾನುವಾರ ಯಾವಾಗ ಬಂದರೂ ಮನೆಯಲ್ಲಿರುತ್ತೇನೆ.

ಇಂತಿ,
ನಿಮ್ಮ ಗ್ರಾಹಕರು
ವಿಜಯನಗರ, ಬೆಂಗಳೂರು

ಲಗತ್ತುಗಳು: ಬಿಲ್, ವೆಬ್‌ಸೈಟ್ ಪುಟದ ಮತ್ತು ಚಾಟ್‌ನ ಸ್ಕ್ರೀನ್‌ಶಾಟ್, ಅಳತೆ ಹಾಗೂ ತೂಕದ ಫೋಟೋಗಳು, ಬಲಗಡೆಯ ಪೆಡಲ್ ಮತ್ತು ಮ್ಯಾಗ್ನೆಟ್‌ನ ವಿಡಿಯೋ