ಕಾಫಿ ಸಿಪ್ಪೆಯನ್ನು ಕೆರೆಗೆ ಸುರಿಯುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಕೊಡಗಿನ ಕಾಫಿ ತೋಟಗಳಲ್ಲಿ ನೀರಾವರಿಗೆಂದು ತೋಡಿದ ಕೆರೆಗಳಲ್ಲಿ ಕಾಟ್ಲಾ, ರೋಹು, ಗೆಂಡೆ ಮೀನು ಸಾಕುವವರಿದ್ದಾರೆ. ಮೇವು ಹಾಕಿ ಸಾಕುವವರ ಖರ್ಚಿನಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಮೇವಿಗೇ ಹೋಗುತ್ತದೆ. 100 ಕಿಲೋ ಕಾಫಿ ಹಣ್ಣನ್ನು ಪಲ್ಪರ್‌ಗೆ, ಅಂದರೆ ಸಿಪ್ಪೆ ಸುಲಿಯುವ ಯಂತ್ರಕ್ಕೆ, ಹಾಕಿದರೆ ಸುಮಾರು 40 ಕಿಲೋ ಹಸಿ ಸಿಪ್ಪೆ ಹೊರಬೀಳುತ್ತದೆ. ಆ ಸಿಪ್ಪೆಯನ್ನೇ ಮೀನಿಗೆ ಹಾಕಿದರೇನು ಎಂದು ಬೆಳೆಗಾರರಿಗೆ ಅನಿಸುವುದು ಸಹಜ. ಆದರೆ ಹಸಿ ಸಿಪ್ಪೆಯನ್ನು ಹಾಗೆಯೇ ಕೆರೆಗೆ ಸುರಿದರೆ ಮೀನು ಬದುಕುವುದೇ ಕಷ್ಟ ಎಂಬುದನ್ನು ಮೊದಲು ಹೇಳಬೇಕಾಗಿದೆ.

ಸಿಪ್ಪೆಯಲ್ಲಿರುವ ಸಕ್ಕರೆ ಮತ್ತು ಲೋಳೆ ನೀರಿನಲ್ಲಿ ಕೊಳೆಯತೊಡಗಿದಾಗ ಸೂಕ್ಷ್ಮಜೀವಿಗಳು ಕೆರೆಯ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಅರೇಬಿಕಾ ಕಾಫಿಯ ಪಲ್ಪಿಂಗ್ ನಡೆಯುವ ತಿಂಗಳುಗಳಲ್ಲಿ ತೋಡುಗಳ, ಅಂದರೆ ಸಣ್ಣ ಹಳ್ಳಗಳ, ಹರಿವು ಇಳಿಯುತ್ತಿರುತ್ತದೆ. ಆಗ ಪಲ್ಪರ್ ನೀರನ್ನು ತೋಡಿಗೆ ಬಿಟ್ಟರೂ ಆಗುವುದು ಇದೇ ಹಾನಿ. ಸಿಪ್ಪೆಯನ್ನು ಒಣಗಿಸಿ ಹಾಕಿದರೂ ಅದರ ಕೆಫೀನ್, ಟ್ಯಾನಿನ್ ಮತ್ತು ನಾರಿನ ತೊಂದರೆ ಉಳಿಯುತ್ತದೆ. ತಿಲಾಪಿಯಾ ಮೀನಿನ ಮೇಲೆ ವಿದೇಶಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಮೇವಿನೊಳಗೆ ಸಿಪ್ಪೆಯ ಪಾಲು ಏರಿದಂತೆ ಬೆಳವಣಿಗೆ ಕುಂದಿದ್ದು ಕಂಡುಬಂದಿದೆ. ರೊಬಸ್ಟಾ ಕಾಫಿಯಲ್ಲಿ ಕೆಫೀನ್ ಅರೇಬಿಕಾಕ್ಕಿಂತ ಹೆಚ್ಚು ಎಂಬುದನ್ನು, ರೊಬಸ್ಟಾವನ್ನೇ ಹೆಚ್ಚಾಗಿ ಬೆಳೆಯುವ ಕೊಡಗಿನವರಾದ ನಾವು ಮರೆಯಲಾಗದು. ಇಷ್ಟಾಗಿಯೂ ಸಿಪ್ಪೆ ವ್ಯರ್ಥವಲ್ಲ. ಚೆನ್ನಾಗಿ ಕೊಳೆಯಿಸಿದ ಗೊಬ್ಬರವಾಗಿ ಅದು ತೋಟಕ್ಕೆ ಮರಳುವುದೇ ಸದ್ಯಕ್ಕೆ ಸರಿಯಾದ ದಾರಿ.

ಮೀನಿಗೆ ನಿಜವಾಗಿ ಒಗ್ಗುವ ಉಪಉತ್ಪನ್ನ ನಮ್ಮ ಅಕ್ಕಿ ಗಿರಣಿಗಳಲ್ಲಿಯೇ ಇದೆ. ಶೇ 12ರ ಆಸುಪಾಸಿನ ಪ್ರೋಟೀನ್ ಇರುವ ತವುಡಿಗೆ, ಶೇ 40ಕ್ಕೂ ಮೇಲ್ಪಟ್ಟು ಪ್ರೋಟೀನ್ ಇರುವ ಕಡಲೆಕಾಯಿ ಹಿಂಡಿಯನ್ನು ಸಮಪಾಲು ಬೆರೆಸಿದರೆ ಕಾಟ್ಲಾ, ರೋಹು ಸೇರಿದಂತೆ ಗೆಂಡೆ ಜಾತಿಯ ಮೀನುಗಳಿಗೆ ಬೇಕಾದ ಶೇ 25ರಿಂದ 30ರ ಮಟ್ಟ ತಲುಪುತ್ತದೆ. ಆಂಧ್ರದ ಮೀನು ಸಾಕಣೆದಾರರು ತವುಡು-ಹಿಂಡಿಯ ಮಿಶ್ರಣವನ್ನು ತೂತು ಮಾಡಿದ ಚೀಲಗಳಲ್ಲಿ ತುಂಬಿ, ಕೆರೆಯಲ್ಲಿ ನೆಟ್ಟ ಕಂಬಗಳಿಗೆ ಕಟ್ಟುತ್ತಾರೆ. ಮೀನು ಎಷ್ಟು ತಿಂದಿತು ಎಂಬುದು ಚೀಲ ಎತ್ತಿ ನೋಡಿದರೆ ತಿಳಿಯುವುದರಿಂದ ಮೇವು ತಳ ಸೇರಿ ಕೊಳೆಯುವುದು ಕಡಿಮೆ. ಎಣ್ಣೆಯಂಶ ಉಳಿದ ತವುಡು ಬೇಗ ಕಮಟುವುದರಿಂದ ಅದನ್ನು ಆದಷ್ಟು ಹೊಸದಾಗಿರುವಾಗಲೇ ಬಳಸಬೇಕು. ನಮ್ಮ ಮಳೆಗಾಲದ ತೇವದಲ್ಲಿ ಹಿಂಡಿಗೆ ಬೂಸ್ಟು ಹಿಡಿದರೆ ವಿಷಕಾರಿ ಅಫ್ಲಾಟಾಕ್ಸಿನ್ ಉಂಟಾಗಬಹುದು. ಬೂಸ್ಟು ಕಂಡ ಹಿಂಡಿಯನ್ನು ಕೆರೆಗೆ ಹಾಕಲೇಬಾರದು.

ಕಾಫಿ ಸಿಪ್ಪೆಯನ್ನು ಹುದುಗಿಸಿ, ಒಣಗಿಸಿ, ಅಲ್ಪ ಪ್ರಮಾಣದಲ್ಲಿ ತವುಡಿನ ಜೊತೆ ಬಳಸಬಹುದೇ ಎಂಬುದನ್ನು ನಮ್ಮ ಮೀನುಗಳ ಮೇಲೆಯೇ ಪರೀಕ್ಷಿಸಿ ನೋಡಬೇಕು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಮತ್ತು ಮೀನುಗಾರಿಕೆ ಇಲಾಖೆ ಕೂಡಿ ಇಂತಹ ಪರೀಕ್ಷೆ ನಡೆಸಿ, ಮುಂದಿನ ಅರೇಬಿಕಾ ಕೊಯ್ಲಿಗೆ ಮುಂಚೆ ಬೆಳೆಗಾರರಿಗೆ ಸ್ಪಷ್ಟ ಸೂಚನೆ ನೀಡಬೇಕೆಂದು ವಿನಂತಿಸುತ್ತೇನೆ. ಅಲ್ಲಿಯವರೆಗೆ ಸಹಕಾರ ಸಂಘಗಳು ಹಿಂಡಿಯನ್ನು ಒಟ್ಟಾಗಿ ಖರೀದಿಸಿ, ಗಿರಣಿಗಳಿಂದ ತವುಡನ್ನು ನೇರವಾಗಿ ಮೀನು ಸಾಕುವವರಿಗೆ ತಲುಪಿಸಿದರೆ, ಒಂದೆರಡು ಕೆರೆಗಳಷ್ಟೇ ಇರುವ ಸಣ್ಣ ಬೆಳೆಗಾರನ ಖರ್ಚೂ ತಗ್ಗುತ್ತದೆ.

ಇಂತಿ,
ಓರ್ವ ಬೆಳೆಗಾರ, ಸೋಮವಾರಪೇಟೆ ತಾಲ್ಲೂಕು